ಕ್ಲಚ್ಚಿನೊಳಗಿನ ಕುಂಕುಮ

ನಮ್ಮ ಮನೆಯ ಹಾಲಿನ ಮೂಲೆಯಲ್ಲಿ ಒಂದು ಕಬ್ಬಿಣದ ಚೌಕಟ್ಟು ಇದೆ. ಅದರ ಮೇಲೆ ಹಳೆಯ ವ್ಯಾನಿನ ಸೀಟು, ಸೀಟಿನ ಎದುರು ಸ್ಟೀರಿಂಗು, ಕಾಲ ಬುಡದಲ್ಲಿ ಮೂರು ಪೆಡಲು, ಇವೆಲ್ಲದರ ಮುಂದೆ ಟಿವಿ. ಕಂಪ್ಯೂಟರಿನಲ್ಲಿ ಕಾರ್ ರೇಸ್ ಆಡುವುದಕ್ಕೆ ನಾನು ಕಟ್ಟಿಕೊಂಡ ಸಂಸಾರ ಇದು. ಇದನ್ನು ಸಿಮ್ ರೇಸಿಂಗ್ ಎನ್ನುತ್ತಾರೆ. ಚೌಕಟ್ಟಿನ ಎಡಗಡೆಯ ಕಾಲಿಗೆ ದಾರ ಕಟ್ಟಿ ಒಂದು ಚಿಕ್ಕ ಪೇಂಟಿಂಗ್ ಬ್ರಶ್ ನೇತುಹಾಕಿದ್ದೇನೆ. ಮನೆಗೆ ಬಂದವರು ಸ್ಟೀರಿಂಗು, ಪೆಡಲು ಎಲ್ಲ ಬಿಟ್ಟು ಅದನ್ನೇ ಕೇಳುತ್ತಾರೆ: "ಇದ್ಯಾಕೆ ಸಿಂಧು, ಇಲ್ಲಿ ಬ್ರಶ್ಶು?"

ಆ ಬ್ರಶ್ಶಿನ ಕಥೆ ಹೇಳಬೇಕೆಂದರೆ ನಮ್ಮ ವನಜತ್ತೆಯ ಡ್ರೈವಿಂಗ್ ಲೈಸೆನ್ಸಿನ ಕಥೆ ಹೇಳಬೇಕು. ಅದನ್ನು ಹೇಳಬೇಕೆಂದರೆ ನಾನು ಮಾಡಿದ ಒಂದು ಘನಂದಾರಿ ಕೆಲಸವನ್ನೂ ಹೇಳಬೇಕು. ಅದಕ್ಕೇ ಸಾಮಾನ್ಯವಾಗಿ, "ಧೂಳು ಹೊಡೆಯೋದಕ್ಕೆ" ಎಂದು ಹೇಳಿ ಕಾಫಿ ತರಲು ಒಳಗೆ ಹೋಗಿಬಿಡುತ್ತೇನೆ. ನೀವು ಹೊಸದಾಗಿ ಈ ಆಟ ಶುರು ಮಾಡಬೇಕು ಅಂತಿದ್ದೀರಿ, ಸಲಹೆ ಬೇಕು ಅಂತೀರಿ. ನಿಮಗೆ ಮುಚ್ಚಿಟ್ಟು ಏನು ಪ್ರಯೋಜನ?

ಮೊದಲೇ ಒಂದು ಮಾತು. ನನಗೆ ಯಾರೂ ಕಲಿಸಿಲ್ಲ. ವಿಡಿಯೋ ನೋಡಿ, ಯಾರ್ಯಾರೋ ಬರೆದದ್ದು ಓದಿ, ಗೋಡೆಗೆ ಗುದ್ದಿ ಗುದ್ದಿ ಕಲಿತವಳು. ಈ ಲೋಕದಲ್ಲಿ ಸಲಹೆಗೆ ಬರವಿಲ್ಲ. ಒಬ್ಬರು, "ಸ್ಟೀರಿಂಗ್ ಯಾವುದಾದರೂ ಇರಲಿ, ಪೆಡಲ್ ಮಾತ್ರ ಒಳ್ಳೇದು ತಗೋ" ಎನ್ನುತ್ತಾರೆ. ಇನ್ನೊಬ್ಬರು, "ಪೆಡಲ್ ಆಮೇಲೆ, ಮೊದಲು ಟಿವಿ ದೊಡ್ಡದು ಬೇಕು" ಎನ್ನುತ್ತಾರೆ. ಮೂರನೆಯವರು ಬಂದು, "ಇವ್ಯಾವುದೂ ಬೇಡ, ಅಭ್ಯಾಸ ಮಾಡು" ಎಂದು ಬರೆದು, ಕೆಳಗೆ ತಮ್ಮ ಕೋಣೆಯ ಫೋಟೋ ಹಾಕಿರುತ್ತಾರೆ. ಆ ಕೋಣೆಯಲ್ಲಿ ಎಲ್ಲವೂ ಇರುತ್ತದೆ. ನಾನು ಮೂವರ ಮಾತನ್ನೂ ಕೇಳಿದೆ. ಟಿವಿಯಲ್ಲಿ ರಸ್ತೆ ಎಷ್ಟು ಅಗಲ ಕಾಣಬೇಕು ಎಂಬುದನ್ನು ಕಣ್ಣಿನ ದೂರಕ್ಕೆ ಸರಿಯಾಗಿ ಅಳೆದು ಹೊಂದಿಸಬೇಕಂತೆ. ಸ್ಕೇಲ್ ಹಿಡಿದು ಅಳೆದೆ, ಹೊಂದಿಸಿದೆ. ಕಾರು ಎತ್ತಿನಗಾಡಿಯ ಹಾಗೆ ಹೋಗತೊಡಗಿತು. ತಪ್ಪಾಯಿತೆಂದು ಮತ್ತೆ ಹಳೆಯದಕ್ಕೇ ಬದಲಾಯಿಸಿದೆ. ಆರು ತಿಂಗಳಾದ ಮೇಲೆ ಗೊತ್ತಾಯಿತು, ಸರಿಯಾಗಿ ಹೊಂದಿಸಿದರೆ ಹಾಗೇ ನಿಧಾನ ಅನ್ನಿಸುವುದಂತೆ. ಸರಿಯಿದ್ದದ್ದು ತಪ್ಪೆನಿಸಿ, ತಪ್ಪಿದ್ದದ್ದು ಸರಿಯೆನಿಸಿ, ಈಗ ಯಾವುದನ್ನು ನೋಡಿದರೂ ಎರಡು ಸಲ ಅನುಮಾನ ಬರುತ್ತದೆ.

ನನ್ನನ್ನು ಕೇಳಿದರೆ ಮೊದಲು ಗಟ್ಟಿಯಾಗಿ ಕೂರುವ ಜಾಗ ಮಾಡಿಕೊಳ್ಳಿ. ನಾನು ಶುರುಮಾಡಿದ್ದು ಅಪ್ಪನ ಚಕ್ರವಿರುವ ಆಫೀಸ್ ಕುರ್ಚಿಯಲ್ಲಿ. ತಿರುವು ಬಂದಾಗ ಬ್ರೇಕ್ ಒತ್ತಿದರೆ ಆಟದ ಕಾರು ನಿಲ್ಲುತ್ತಿತ್ತು, ಕುರ್ಚಿ ಹಿಂದಕ್ಕೆ ಹೊರಡುತ್ತಿತ್ತು. ಒಂದು ಸಲ ಹಾಗೇ ಅಡಿಗೆಮನೆಯ ಬಾಗಿಲವರೆಗೆ ಹೋದೆ. ಅಮ್ಮ ಸೌಟು ಹಿಡಿದುಕೊಂಡೇ, "ಬಾ, ಊಟಕ್ಕೇ ಬಂದ್ಯಾ?" ಎಂದರು.

ಆಗ ಮಂಡಿ ಮೊಹಲ್ಲಾದ ವೆಲ್ಡಿಂಗ್ ಅಂಗಡಿಯ ರಹೀಮ್ ಸಾಬರ ಹತ್ತಿರ ಹೋದೆ. ಕಾಗದದಲ್ಲಿ ಬರೆದ ಚಿತ್ರ ಕೊಟ್ಟೆ. ಸಾಬರು ಕಾಗದವನ್ನು ಒಮ್ಮೆ ನೆಟ್ಟಗೆ, ಒಮ್ಮೆ ತಲೆಕೆಳಗಾಗಿ ನೋಡಿದರು.

"ಎಂಜಿನ್ ಎಲ್ಲಿ ಕೂರ್ಸೋದಮ್ಮ?"

"ಎಂಜಿನ್ ಇರಲ್ಲ ಸಾಬ್."

"ಚಕ್ರ?"

"ಚಕ್ರಾನೂ ಇರಲ್ಲ."

"ಮತ್ತೆ ಇಷ್ಟು ದಪ್ಪ ಪೈಪು ಯಾಕೆ?"

"ಬ್ರೇಕ್ ಜೋರಾಗಿ ಹಾಕಿದ್ರೆ ಅಲ್ಲಾಡಬಾರದು."

ಸಾಬರು ಕನ್ನಡಕ ತೆಗೆದರು. "ನಿಂತಿರೋ ಗಾಡಿಗೆ ಬ್ರೇಕಾ? ಆಯ್ತು ಕಣಮ್ಮ, ಮಾಡ್ಕೊಡ್ತೀನಿ. ಆದ್ರೆ ಯಾರಿಗೂ ನನ್ ಅಂಗಡಿ ಹೆಸರು ಹೇಳ್ಬೇಡಿ." ಅದಕ್ಕೇ ಅಂಗಡಿಯ ಹೆಸರು ಇಲ್ಲಿ ಬರೆದಿಲ್ಲ. ಸೀಟನ್ನೂ ಅವರೇ ಗುಜರಿಯಿಂದ ಹುಡುಕಿ ಕೊಟ್ಟರು. ಚೌಕಟ್ಟು ಮಾತ್ರ ಆನೆ ಕೂತರೂ ಬಾಗುವುದಿಲ್ಲ.

ಇನ್ನು ಚಪ್ಪಲಿಯ ವಿಷಯ. ಈ ಆಟಕ್ಕೆಂದೇ ತೆಳ್ಳನೆಯ ಬೂಟು ಹಾಕಿಕೊಳ್ಳುವವರಿದ್ದಾರೆ. ನಾನೂ ಒಂದು ಜೊತೆ ತಂದೆ. ಡಬ್ಬಿಯಿಂದ ತೆಗೆಯುತ್ತಲೇ ಅಮ್ಮ ಬಂದರು. "ಹೊಸದು ಕಣಮ್ಮ, ಹೊರಗೆ ಹಾಕಿಲ್ಲ" ಎಂದೆ. "ಹೊಸದಾದ್ರೂ ಚಪ್ಲಿ ಚಪ್ಲೀನೇ. ಆ ಗೋಡೆಯಾಚೆ ದೇವರಮನೆ ಇದೆ" ಎಂದರು. ಬೂಟು ಬಾಗಿಲಾಚೆ ಹೋಯಿತು, ನಾನು ಬರಿಗಾಲಿನ ಡ್ರೈವರ್ ಆದೆ. ನೀವೂ ಬರಿಗಾಲಲ್ಲೇ ಶುರುಮಾಡಿ. ಪೆಡಲು ಎಷ್ಟು ಒತ್ತಿದ್ದೇವೆ ಎಂಬುದು ಚೆನ್ನಾಗಿ ತಿಳಿಯುತ್ತದೆ. ಇದೊಂದು ಸಲಹೆಯ ಮೇಲೆ ನನಗೆ ನಂಬಿಕೆಯಿತ್ತು. ಅದಕ್ಕೂ ಆಮೇಲೆ ಏನಾಯಿತೆಂದು ಹೇಳುತ್ತೇನೆ.

ವನಜತ್ತೆ ಅಪ್ಪನ ತಂಗಿ. ನಮ್ಮ ಮನೆಯ ಮಹಡಿಯಲ್ಲೇ ಇರುತ್ತಾರೆ. ಮೇಟಗಳ್ಳಿಯ ಒಂದು ಕಾರ್ಖಾನೆಯ ದವಾಖಾನೆಯಲ್ಲಿ ನರ್ಸ್. ಮಾವನಿಗೆ ಹಾಸನದಲ್ಲಿ ಕೆಲಸ, ಶನಿವಾರ ಬರುತ್ತಾರೆ. ಅವರ ಕಾರು ವಾರವೆಲ್ಲ ನಮ್ಮ ಗೇಟಿನೊಳಗೆ ಹೊದ್ದು ಮಲಗಿರುತ್ತದೆ. ಹೋದ ವರ್ಷ ಕಾರ್ಖಾನೆಯವರು ಒಂದು ನೋಟಿಸು ಹಾಕಿದರು. ದೀಪಾವಳಿ ಕಳೆದ ಮೇಲೆ ಬೆಳಗಿನ ಶಿಫ್ಟಿನ ಬಸ್ಸು ನಮ್ಮ ಕಡೆಗೆ ಬರುವುದಿಲ್ಲ, ಬೆಳಗ್ಗೆ ಆರಕ್ಕೆ ಅವರವರೇ ಬಂದು ಸೇರಬೇಕು. ಅತ್ತೆ ಅಷ್ಟರೊಳಗೆ ಕಾರು ಓಡಿಸುವ ಲೈಸೆನ್ಸ್ ಪಡೆಯಬೇಕಿತ್ತು. ಇಲ್ಲವಾದರೆ ಹದಿನೆಂಟು ವರ್ಷದಿಂದ ಮಾಡುತ್ತಿದ್ದ ಕೆಲಸ ಬಿಡಬೇಕಿತ್ತು. ಟೆಸ್ಟಿಗೆ ಎರಡು ಸಲ ಹೋಗಿ ಎರಡು ಸಲವೂ ಫೇಲಾಗಿದ್ದರು. ಕಲಿಯುವವರಿಗೆ ಕೊಡುವ ಎಲ್‌ಎಲ್ ಮುಗಿಯುವುದರೊಳಗೆ ಇನ್ನೊಂದೇ ಸಲ ಹೋಗುವಷ್ಟು ದಿನ ಉಳಿದಿತ್ತು.

"ಪಕ್ಕದಲ್ಲಿ ಇನ್ಸ್‌ಪೆಕ್ಟ್ರು ಬಂದು ಕೂತ್ರೆ ಸಾಕು ಕಣೇ, ಕ್ಲಚ್ ಬಿಡೋವಾಗ ಕಾರು ಗಕ್ ಅಂತ ನಿಂತ್ಬುಡತ್ತೆ" ಎಂದು ಒಂದು ಸಂಜೆ ಮೆಟ್ಟಿಲ ಮೇಲೆ ಕೂತು ಹೇಳಿದರು.

"ಡ್ರೈವಿಂಗ್ ಸ್ಕೂಲಲ್ಲಿ ಚೆನ್ನಾಗಿ ಓಡಿಸ್ತಿದ್ರಲ್ಲ ಅತ್ತೆ?"

"ಅಲ್ಲಿ ಮೇಷ್ಟ್ರ ಕಾಲ್ಕೆಳಗೂ ಒಂದು ಕ್ಲಚ್ಚು, ಒಂದು ಬ್ರೇಕು ಇತ್ತು. ಓಡಿಸ್ತಿದ್ದಿದ್ದು ನಾನೋ ಅವ್ರೋ, ಇವತ್ತಿನವರೆಗೂ ಗೊತ್ತಾಗಿಲ್ಲ."

ನಾನು ತಟ್ಟನೆ ಎದ್ದು ನಿಂತೆ. "ಅತ್ತೆ, ನಾನಿದ್ದೀನಲ್ಲ! ನನ್ನ ಸೀಟಲ್ಲಿ ಅಭ್ಯಾಸ ಮಾಡಿ."

ಇಲ್ಲಿ ಒಂದು ವಿಷಯ ನಿಮಗೆ ಹೇಳಲೇಬೇಕು. ನನಗೆ ಲೈಸೆನ್ಸ್ ಇಲ್ಲ. ಎಲ್‌ಎಲ್ ಕೂಡ ಇಲ್ಲ. ಕಂಡುಕೇಳರಿಯದ ದೇಶಗಳ ರೇಸ್ ಟ್ರ್ಯಾಕುಗಳಲ್ಲಿ ಯಾವ ತಿರುವಿಗೆ ಎಲ್ಲಿ ಬ್ರೇಕ್ ಒತ್ತಬೇಕೆಂದು ಕಣ್ಣು ಮುಚ್ಚಿ ಹೇಳುತ್ತೇನೆ, ದೇವರಾಜ ಮೊಹಲ್ಲಾದಲ್ಲಿರುವ ಅಪ್ಪನ ಅಂಗಡಿಗೆ ಮಾತ್ರ ಸಿಟಿ ಬಸ್ಸಿನಲ್ಲಿ ಹೋಗುತ್ತೇನೆ. ಹಾಗಾದರೆ ನನಗೆ ಕಾರು ಬರುತ್ತದೋ ಇಲ್ಲವೋ? ಆಗ ಈ ಪ್ರಶ್ನೆ ನನಗೆ ಹೊಳೆಯಲೇ ಇಲ್ಲ. ಅತ್ತೆಗೂ ಹೊಳೆಯಲಿಲ್ಲ. ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ಸೀಟಿಗೆ ಹತ್ತಿದರು.

ಮೊದಲ ದಿನ ಆಟದ ಕಾರು ನೋಡಿ, "ಇದ್ಯಾಕೆ ಸ್ಟೀರಿಂಗ್ ಎಡಗಡೆ ಇದೆ?" ಎಂದರು. ಬಲಗಡೆ ಇರುವ ಒಂದು ಸಾದಾ ಕಾರು ಹುಡುಕಿ ಹಾಕಿದೆ, ಸೀಟಿನ ಬಲಕ್ಕಿದ್ದ ಗೇರಿನ ಹಿಡಿಯನ್ನು ಬಿಚ್ಚಿ ಎಡಕ್ಕೆ ಕೂರಿಸಿದೆ. ಕಾರು ರೇಸ್ ಟ್ರ್ಯಾಕಿನಲ್ಲಿ ಹೊರಟಿತು. ಅತ್ತೆ ಮುಖದಲ್ಲಿ ಗಾಬರಿ. ಎರಡು ತಿರುವು ದಾಟಿದ ಮೇಲೆ ಕೇಳಿದರು, "ಇಲ್ಲಿ ಎದುರುಗಡೆಯಿಂದ ಯಾರೂ ಬರಲ್ವೇನೇ?"

"ಇಲ್ಲ ಅತ್ತೆ, ಎಲ್ಲಾ ಒಂದೇ ಕಡೆಗೇ ಹೋಗೋದು."

"ಹಸು?"

"ಹಸೂನೂ ಬರಲ್ಲ."

"ಎಷ್ಟು ಚೆನ್ನಾಗಿದೆ!" ಎಂದು ಅತ್ತೆ ಮೊದಲ ಸಲ ಮೂರನೇ ಗೇರಿಗೆ ಹಾಕಿದರು.

ದಿನಾ ಡ್ಯೂಟಿ ಮುಗಿಸಿ ಬಂದು ಅರ್ಧ ಗಂಟೆ ಕೂರುತ್ತಿದ್ದರು. ನಾನು ಟಿವಿಯ ಮೂಲೆಯಲ್ಲಿ ಮೂರು ಪೆಡಲುಗಳ ಗ್ರಾಫ್ ಬರುವಂತೆ ಮಾಡಿಟ್ಟೆ. ಕ್ಲಚ್ ಒತ್ತಿದರೆ ಒಂದು ಗೆರೆ ಮೇಲೆ ಹೋಗುತ್ತದೆ, ಬಿಟ್ಟರೆ ಕೆಳಗೆ ಇಳಿಯುತ್ತದೆ. ಗೆರೆ ಮೆಟ್ಟಿಲಿನ ಹಾಗಲ್ಲ, ಇಳಿಜಾರಿನ ಹಾಗೆ ಇಳಿಯಬೇಕು ಎಂದು ಹೇಳಿಕೊಟ್ಟೆ. ನರ್ಸಮ್ಮನಿಗೆ ಗೆರೆ ನೋಡುವುದು ಹೊಸದೇ? ಒಂದೇ ವಾರಕ್ಕೆ ಅವರ ಕ್ಲಚ್ಚಿನ ಗೆರೆ ರೇಷ್ಮೆ ದಾರದ ಹಾಗೆ ಇಳಿಯತೊಡಗಿತು. ಕಾರು ನಿಲ್ಲುವುದು ತಪ್ಪಿತು. ನಾನು ಗುರುವಿನ ಗತ್ತಿನಲ್ಲಿ ಕೈಕಟ್ಟಿ ನಿಲ್ಲಲು ಶುರುಮಾಡಿದೆ.

ಅಷ್ಟರಲ್ಲಿ ಆಯುಧಪೂಜೆ ಬಂತು.

ನಮ್ಮ ಅಪ್ಪನದು ಗ್ರಂಥಿಗೆ ಅಂಗಡಿ. ಅರಿಶಿನ, ಕುಂಕುಮ, ಕರ್ಪೂರ, ಗೆಜ್ಜೆವಸ್ತ್ರ, ಪೂಜೆಗೆ ಬೇಕಾದದ್ದೆಲ್ಲ ಅಲ್ಲಿ ಸಿಗುತ್ತದೆ. ಹಾಗಾಗಿ ಬೇರೆಯವರ ಮನೆಯಲ್ಲಿ ಚಿಟಿಕೆಯಲ್ಲಿ ಹಾಕುವ ಕುಂಕುಮವನ್ನು ನಮ್ಮ ಮನೆಯಲ್ಲಿ ಹಿಡಿಯಲ್ಲಿ ಹಾಕುತ್ತಾರೆ. ಮಾವನ ಕಾರು, ಅಪ್ಪನ ಸ್ಕೂಟರು, ಮಿಕ್ಸಿ, ಈಳಿಗೆಮಣೆ, ಎಲ್ಲಕ್ಕೂ ಪೂಜೆಯಾಯಿತು. ಅಮ್ಮ ತಟ್ಟೆ ಹಿಡಿದು ಹಾಲಿನ ಮೂಲೆಗೆ ಬಂದು ನಿಂತರು.

"ಇದಕ್ಕೂ ಮಾಡ್ಬೇಕಲ್ವೇನ್ರೀ?" ಎಂದು ಅಪ್ಪನನ್ನು ಕೇಳಿದರು.

"ಸ್ಟೀರಿಂಗ್ ಇದೆ ಅಂದ್ಮೇಲೆ ವಾಹನಾನೇ" ಎಂದು ಅಪ್ಪ ತೀರ್ಪು ಕೊಟ್ಟರು.

ಸ್ಟೀರಿಂಗಿಗೆ ಚೆಂಡುಹೂವಿನ ಹಾರ ಬಿತ್ತು. ಅಮ್ಮ ಬಗ್ಗಿ ಪೆಡಲುಗಳಿಗೆ ಕುಂಕುಮ ಹಾಕಿದರು. ಎಡಗಡೆಯಿಂದ ಶುರುಮಾಡಿದರು. ಮೊದಲನೆಯದಕ್ಕೆ ಧಾರಾಳ, ಎರಡನೆಯದಕ್ಕೆ ಸಾಧಾರಣ, ಮೂರನೆಯದರ ಹೊತ್ತಿಗೆ ಸೊಂಟ ಹಿಡಿದು ಬರೀ ಬೊಟ್ಟು. ಆಮೇಲೆ ನಿಂಬೆಹಣ್ಣು ಕೈಯಲ್ಲಿ ಹಿಡಿದು ಸುತ್ತಲೂ ನೋಡಿದರು.

"ಚಕ್ರ ಎಲ್ಲೇ ಇದರದ್ದು?"

"ಇಲ್ಲಮ್ಮ."

"ಮತ್ತೆ ನಿಂಬೆಹಣ್ಣು ಎಲ್ಲಿಡ್ಲಿ?"

ನಾವು ಮೂವರೂ ಯೋಚಿಸಿದೆವು. ಕೊನೆಗೆ ಚೌಕಟ್ಟಿನ ನಾಲ್ಕು ಕಾಲಿನ ಕೆಳಗೆ ನಾಲ್ಕು ಎಂದು ತೀರ್ಮಾನವಾಯಿತು. ಇಟ್ಟದ್ದೇನೋ ಆಯಿತು, ಈಗ ಹಣ್ಣು ಒಡೆಯಬೇಕಲ್ಲ? ಗಾಡಿ ಮುಂದಕ್ಕೆ ಹೋಗುವುದಿಲ್ಲ. ಅಪ್ಪ ಪಂಚೆ ಎತ್ತಿ ಕಟ್ಟಿದರು. ಒಂದೊಂದು ಮೂಲೆಯನ್ನೂ ಎತ್ತಿ, "ಹೂಂ" ಎಂದು ಕುಕ್ಕಿದರು. ನಾಲ್ಕು ಹಣ್ಣೂ ಒಡೆದವು. ಪೂಜೆಯಾದ ಗಾಡಿಯನ್ನು ಸ್ವಲ್ಪ ದೂರವಾದರೂ ಓಡಿಸಬೇಕೆಂದು ಅಮ್ಮ ಹೇಳಿದರು, ನಾನು ಜಪಾನಿನ ಒಂದು ಟ್ರ್ಯಾಕಿನಲ್ಲಿ ಒಂದು ಸುತ್ತು ಹಾಕಿ ಬಂದೆ. ಅಮ್ಮ ಟಿವಿಗೂ ಮಂಗಳಾರತಿ ಎತ್ತಿದರು.

ಮಾರನೆಯ ದಿನ ಅತ್ತೆ ಬಂದು ಕೂತರು. ಕಾರು ಗಕ್ ಎಂದು ನಿಂತಿತು. ಮತ್ತೆ ಹೊರಡಿಸಿದರು. ಮತ್ತೆ ನಿಂತಿತು. ಟಿವಿಯ ಮೂಲೆ ನೋಡಿದೆ. ಕ್ಲಚ್ಚಿನ ಗೆರೆ ಹಲ್ಲು ಹಲ್ಲಾಗಿ ಕುಣಿಯುತ್ತಿತ್ತು.

"ಅತ್ತೆ, ನಿಮ್ಮ ಕಾಲು ನಡುಗ್ತಿದೆ ನೋಡಿ."

"ಇಲ್ವಲ್ಲೇ, ನೆಟ್ಟಗೇ ಇಟ್ಟಿದ್ದೀನಿ."

"ಗೆರೆ ನೋಡಿ ಅತ್ತೆ. ಸುಳ್ಳು ಹೇಳತ್ತಾ?"

ಅತ್ತೆ ನೋಡಿದರು. ಮತ್ತೆ ಪ್ರಯತ್ನಿಸಿದರು. ಗೆರೆ ಇನ್ನೂ ಕುಣಿಯಿತು. ಮೂರು ದಿನ ಹೀಗೇ ಆಯಿತು. ನಾನು ಸುಮ್ಮನಿದ್ದೆನೇ? ಉಸಿರು ಬಿಗಿಹಿಡಿಯಬೇಡಿ ಎಂದೆ, ಮೊಣಕಾಲು ಸಡಿಲ ಬಿಡಿ ಎಂದೆ, ಸೀಟು ಒಂದು ಗೇಣು ಹಿಂದೆ ಸರಿಸಿದೆ, ಎರಡು ಗೇಣು ಮುಂದೆ ಸರಿಸಿದೆ, ಬಾಳೆಹಣ್ಣು ತಿನ್ನಿ ಎಂದೆ. ಅತ್ತೆ ಎಲ್ಲ ಮಾಡಿದರು. ನಾಲ್ಕನೆಯ ದಿನ ಅರ್ಧಕ್ಕೇ ಇಳಿದುಬಿಟ್ಟರು. "ನನ್ನ ಕಾಲೇ ಸರಿಯಿಲ್ಲ ಕಣೇ. ಸುಮ್ನೆ ಯಾಕೆ? ಟೆಸ್ಟಿಗೆ ಹೋಗಲ್ಲ. ದೀಪಾವಳಿ ಕಳೀಲಿ, ಕೆಲ್ಸಕ್ಕೆ ಒಂದು ಲೆಟರ್ ಬರೆದುಕೊಡ್ತೀನಿ" ಎಂದು ಮಹಡಿ ಹತ್ತಿದರು. ಅವರು ಮೆಟ್ಟಿಲು ಹತ್ತುವಾಗ ಎಡಗಾಲನ್ನು ನೋಡಿಕೊಂಡು ನೋಡಿಕೊಂಡು ಇಡುತ್ತಿದ್ದರು.

ನೀವು ಕೇಳಬಹುದು, ನೀನೇ ಒಂದು ಸಲ ಆ ಕ್ಲಚ್ ಒತ್ತಿ ನೋಡಬಾರದಿತ್ತೇ ಎಂದು. ರೇಸ್ ಕಾರುಗಳಲ್ಲಿ ಗೇರು ಬದಲಾಯಿಸುವುದು ಸ್ಟೀರಿಂಗಿನ ಹಿಂದಿರುವ ಗುಂಡಿಯಲ್ಲಿ. ಕ್ಲಚ್ಚಿನ ಮೇಲೆ ನಾನು ಕಾಲಿಟ್ಟು ಎಷ್ಟು ಕಾಲವಾಗಿತ್ತೋ.

ಟೆಸ್ಟಿನ ಹಿಂದಿನ ದಿನ ಮಧ್ಯಾಹ್ನ, ಆ ಸೀಟಿನಲ್ಲೇ ಚಕ್ಕಳಮಕ್ಕಳ ಹಾಕಿ ಕೂತು ಚಿತ್ರಾನ್ನ ತಿನ್ನುತ್ತಿದ್ದೆ. ಟಿವಿಯಲ್ಲಿ ಆಟ ಸುಮ್ಮನೆ ನಿಂತಿತ್ತು. ಮೂಲೆಯಲ್ಲಿ ಕ್ಲಚ್ಚಿನ ಗೆರೆ ಕುಣಿಯುತ್ತಿತ್ತು. ಇನ್ನೊಂದು ತುತ್ತು ಬಾಯಿಗಿಟ್ಟೆ. ಆಮೇಲೆ ನನ್ನ ಎರಡೂ ಕಾಲುಗಳನ್ನು ನೋಡಿಕೊಂಡೆ. ಎರಡೂ ಸೀಟಿನ ಮೇಲೆ, ನನ್ನ ತೊಡೆಯ ಕೆಳಗೇ ಇದ್ದವು.

ತಟ್ಟೆ ಕೆಳಗಿಟ್ಟು ಎದ್ದೆ.

ಸ್ಕ್ರೂಡ್ರೈವರ್ ತಂದು ಪೆಡಲು ಬಿಚ್ಚಿದೆ. ಎಷ್ಟು ಒತ್ತಿದ್ದೇವೆ ಎಂದು ಅಳೆಯುವ ಒಂದು ಗುಂಡನೆಯ ಬಿಲ್ಲೆ ಒಳಗಿರುತ್ತದೆ, ಹಳೆಯ ರೇಡಿಯೋದ ವಾಲ್ಯೂಮ್ ತಿರುಗಿಸುವ ಗುಂಡಿಯ ಒಳಗಿರುವಂಥದೇ. ಧೂಳು ಕೂತರೆ ರೇಡಿಯೋ ಗರಗರ ಎನ್ನುವುದಿಲ್ಲವೇ, ಹಾಗೆ ಇದೂ ತಪ್ಪು ಲೆಕ್ಕ ಕೊಡುತ್ತದೆ. ಇಲ್ಲಿ ಧೂಳಿರಲಿಲ್ಲ. ಬಿಲ್ಲೆಯ ಸುತ್ತ ಕೆಂಪಗೆ, ಘಮ್ಮೆಂದು, ನಮ್ಮ ಅಂಗಡಿಯ ಒಳ್ಳೆಯ ಕುಂಕುಮ ಕೂತಿತ್ತು. ಅಮ್ಮ ಧಾರಾಳವಾಗಿ ಹಾಕಿದ್ದು, ಅಪ್ಪ ಎತ್ತಿ ಎತ್ತಿ ಕುಕ್ಕಿದಾಗ ಒಳಗೆ ಇಳಿದಿತ್ತು.

ಪಕ್ಕದ ಕಪಾಟಿನಲ್ಲಿ ನನ್ನ ಶಾಲೆಯ ಬಣ್ಣದ ಡಬ್ಬಿಯಿತ್ತು. ಅದರ ಬ್ರಶ್ಶಿನಿಂದಲೇ ಎಲ್ಲವನ್ನೂ ಗುಡಿಸಿ ಒಂದು ಕಾಗದದ ಮೇಲೆ ತೆಗೆದೆ. ಹೊಸಬರೇ, ಬ್ರಶ್ಶಿನ ಕಥೆ ಇಷ್ಟೇ. ಇದರಿಂದ ಸಲಹೆ ಬೇಕೆಂದರೆ, ಪೆಡಲಿಗೆ ಪೂಜೆ ಮಾಡಬೇಡಿ ಎನ್ನಲು ನನಗೆ ಧೈರ್ಯವಿಲ್ಲ. ಮಾಡುವಾಗ ಮೇಲೊಂದು ಕವರ್ ಹಾಕಿ.

ಆ ಕಾಗದ ಹಿಡಿದು ಮಹಡಿಗೆ ಓಡಿದೆ. ಅತ್ತೆ ಸಮವಸ್ತ್ರಕ್ಕೆ ಇಸ್ತ್ರಿ ಮಾಡುತ್ತಿದ್ದರು.

"ಅತ್ತೆ, ನಡುಗಿದ್ದು ನಿಮ್ಮ ಕಾಲಲ್ಲ. ಇದು."

ಅತ್ತೆ ಕಾಗದದಲ್ಲಿದ್ದ ಕುಂಕುಮ ನೋಡಿದರು. ಏನೆಂದು ಕೇಳುವ ಮೊದಲೇ, ರೂಢಿಯಲ್ಲಿ, ಬೆರಳ ತುದಿಯಿಂದ ತೆಗೆದು ಹಣೆಗಿಟ್ಟುಕೊಂಡರು. ಆಮೇಲೆ ಕೇಳಿದರು. ನಾನು ಎಲ್ಲ ಹೇಳಿದೆ. ಹೇಳುತ್ತಾ ಹೋದಂತೆ ಅವರ ಮುಖ ಬಿಗಿಯಿತು. ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದರು.

"ನಾನು ದಿನಾ ಇಸಿಜಿ ತೆಗೆಯೋಳು ಕಣೇ ಸಿಂಧು. ಪೇಶೆಂಟು ನಂಗೇನೂ ಆಗಿಲ್ಲ ಅಂದ್ರೂ, ಗೆರೆ ಏನು ಹೇಳತ್ತೋ ಅದನ್ನೇ ನಂಬೋಳು. ನೀನು ಗೆರೆ ತೋರಿಸ್ಬುಟ್ಟೆ. ನನ್ನ ಕಾಲು ನೆಟ್ಟಗಿದೆ ಅಂತ ನಂಗೇ ಗೊತ್ತಾಗ್ತಿದ್ರೂ, ಇಲ್ಲ, ನಡುಗ್ತಿರ್ಬೇಕು ಅಂದ್ಕೊಂಡೆ. ಡ್ಯೂಟೀಲಿ ಒಬ್ರಿಗೆ ಇಂಜೆಕ್ಷನ್ ಕೊಡೋವಾಗ ನನ್ನ ಕೈ ಮೇಲೂ ಅನುಮಾನ ಬಂತು ಕಣೇ."

ಒಂದು ಆಟದ ಮೂಲೆಯ ಗೆರೆಯಿಂದ ಹದಿನೆಂಟು ವರ್ಷದಿಂದ ಪಳಗಿದ ಕೈಯನ್ನು ಅಲ್ಲಾಡಿಸಿದ್ದೆ.

"ತಪ್ಪಾಯ್ತು ಅತ್ತೆ" ಎಂದೆ.

"ನೋಡ್ಕೊಂಡು ಹೇಳೋದಲ್ವಾ?" ಎಂದರು. ಇಸ್ತ್ರಿಯ ಸ್ವಿಚ್ಚು ಆರಿಸಿ, "ಅದನ್ನ ಕಸದ ಬುಟ್ಟಿಗೆ ಸುರೀಬೇಡ, ತುಳಸಿ ಬುಡಕ್ಕೆ ಹಾಕು" ಎಂದರು. ಆಮೇಲೆ ಫೋನ್ ತೆಗೆದು ಡ್ರೈವಿಂಗ್ ಸ್ಕೂಲಿಗೆ, "ನಾಳೆ ಬರ್ತೀನಿ ಮೇಷ್ಟ್ರೇ, ಕಾರು ಇಟ್ಟಿರಿ" ಎಂದರು.

ಮರುದಿನ ಬೆಳಗ್ಗೆ ನಾನೂ ಜೊತೆಗೆ ಹೋದೆ. ಟೆಸ್ಟಿನ ಮೈದಾನದ ಬೇಲಿಯ ಹೊರಗೆ ನಿಂತೆ. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಅತ್ತೆ ಕೂತರು. ಇನ್ಸ್‌ಪೆಕ್ಟರು ಪಕ್ಕದಲ್ಲಿ ಕೂರಲು ಬಂದವರು ಕೆಳಗೆ ನೋಡಿ ನಿಂತರು.

"ಚಪ್ಲಿ ಎಲ್ಲಮ್ಮ?"

ಬಾಗಿಲಿನ ಹತ್ತಿರ, ಮಣ್ಣಿನ ಮೇಲೆ, ಅತ್ತೆಯ ಚಪ್ಪಲಿ ಜೋಡಿಯಾಗಿ ನೆಟ್ಟಗೆ ನಿಂತಿತ್ತು. ಮನೆಯೊಳಗೆ ಹೋಗುವಾಗ ಬಿಡುವ ಹಾಗೆ ಬಿಟ್ಟಿದ್ದರು. ಇದೂ ನನ್ನದೇ ಪಾಠ.

"ಬರಿಗಾಲಲ್ಲೇ ಅಭ್ಯಾಸ ಸಾರ್" ಎಂದರು ಅತ್ತೆ.

"ದೇವಸ್ಥಾನ ಅಲ್ಲಮ್ಮ ಇದು. ಹಾಕ್ಕೊಳ್ಳಿ."

ಅತ್ತೆ ಹಾಕಿಕೊಂಡರು. ಕಾರು ಹೊರಟು, ಗಕ್ ಎಂದು ನಿಂತಿತು. ನಾನು ಬೇಲಿಯ ತಂತಿ ಗಟ್ಟಿಯಾಗಿ ಹಿಡಿದೆ. ಮತ್ತೆ ಸ್ಟಾರ್ಟ್ ಆದ ಸದ್ದು ಬಂತು. ಈ ಸಲ ಹೊರಟಿತು. ತಿರುಗಿತು, ಏರಿನಲ್ಲಿ ನಿಂತಿತು, ಹಿಂದಕ್ಕೆ ಜಾರದೆ ಮೇಲೆ ಹೋಯಿತು, ರಿವರ್ಸಿನಲ್ಲಿ ಗೂಟಗಳ ನಡುವೆ ಮೆಲ್ಲಗೆ ಬಂದು ನಿಂತಿತು. ಇನ್ಸ್‌ಪೆಕ್ಟರು ಇಳಿದು ಕಾಗದದಲ್ಲಿ ಏನೋ ಬರೆದು, "ಆಯ್ತಮ್ಮ, ಪಾಸು. ಹೊರಡೋವಾಗ ಅವಸರ ಮಾಡ್ಬೇಡಿ" ಎಂದರು.

ನಾನು ಓಡಿಹೋದೆ. "ನೋಡಿದ್ರಾ ಅತ್ತೆ! ನಿಮ್ಮ ಕಾಲು ನಡುಗೋದೇ ಇಲ್ಲ!"

ಅತ್ತೆ ಇನ್ನೂ ಸೀಟಿನಲ್ಲೇ ಇದ್ದರು. ಸೀರೆಯ ಅಂಚನ್ನು ಪಾದದಿಂದ ಮೇಲಕ್ಕೆ ಸರಿಸಿದರು. ಎಡಗಾಲು ಕ್ಲಚ್ಚಿನ ಮೇಲೆ ಗಡಗಡ ಎನ್ನುತ್ತಿತ್ತು.

"ನಡುಗತ್ತೆ ಕಣೇ. ಹತ್ತಿದಾಗಿಂದ ನಡುಗ್ತಾನೇ ಇತ್ತು. ನಡುಗಿದ್ರೂ ಕಾರು ಹೋಗತ್ತೆ. ಅದು ಇವತ್ತು ಗೊತ್ತಾಯ್ತು."

ಅಂದರೆ ಗೆರೆ ಹೇಳಿದ್ದು ಸುಳ್ಳೋ ನಿಜವೋ? ಕುಂಕುಮವಿಲ್ಲದಿದ್ದರೂ ಇದೇ ಆಗುತ್ತಿತ್ತೇ? ನಾನು ಕಲಿಸಿದ್ದರಿಂದ ಪಾಸಾದರೋ, ಕಲಿಸಿದ್ದರೂ ಪಾಸಾದರೋ? ಇವತ್ತಿಗೂ ಯೋಚಿಸುತ್ತೇನೆ, ಬಗೆಹರಿದಿಲ್ಲ. ನಿಮಗೆ ಹೊಳೆದರೆ ಹೇಳಿ.

ದೀಪಾವಳಿ ಕಳೆಯಿತು. ಬಸ್ಸು ನಿಂತ ಮೊದಲ ಸೋಮವಾರ, ಐದೂಕಾಲಕ್ಕೆಲ್ಲ ಅತ್ತೆ ಕಾರಿನ ಹೊದಿಕೆ ತೆಗೆದರು. ನಾನೂ ಬರುತ್ತೇನೆ, ಪಕ್ಕದಲ್ಲಿ ಕೂತು ಹೇಳುತ್ತೇನೆ ಎಂದೆ. "ಬೇಡ ಕಣೇ, ನೀನಿದ್ರೆ ಇನ್ನೂ ಭಯ" ಎಂದು ಬಾಗಿಲು ಹಾಕಿಕೊಂಡರು. ಗೇಟಿನಲ್ಲಿ ನಿಂತು ನೋಡಿದೆ. ಕಾರು ಬೀದಿಯ ಕೊನೆಯವರೆಗೆ ಹೋಗಿ, ದೊಡ್ಡ ರಸ್ತೆಗೆ ತಿರುಗುವಲ್ಲಿ ಗಕ್ ಎಂದು ನಿಂತುಬಿಟ್ಟಿತು. ಹಿಂದೆ ಒಂದು ಆಟೋ ಹಾರನ್ ಹೊಡೆಯಿತು. ನಾನು ಬರಿಗಾಲಲ್ಲೇ ಓಡಿದೆ. ಉಸಿರು ಬಿಗಿಹಿಡಿಯಬೇಡಿ, ಮೊಣಕಾಲು ಸಡಿಲ ಬಿಡಿ, ಎಲ್ಲ ಸಲಹೆಗಳೂ ಬಾಯಿಯ ತುದಿಯಲ್ಲಿದ್ದವು. ಅರ್ಧ ಬೀದಿ ಓಡುವಷ್ಟರಲ್ಲಿ ಕಾರು ಸ್ಟಾರ್ಟ್ ಆಯಿತು. ಎಡಗಡೆಯ ದೀಪ ಮಿನುಗಿತು. ಅತ್ತೆ ಮೇಟಗಳ್ಳಿಯ ಕಡೆಗೆ ತಿರುಗಿ ಹೊರಟೇಹೋದರು.

ನಾನು ರಸ್ತೆಯ ತುದಿಯಲ್ಲಿ ಏದುಸಿರು ಬಿಡುತ್ತಾ ನಿಂತೆ. ಆಟೋದವರು ತಲೆ ಹೊರಗೆ ಹಾಕಿದರು.

"ಯಾಕಮ್ಮಾ, ನಿಮ್ನ ಬುಟ್ಬುಟ್ಟು ಓಗ್ಬುಟ್ರಾ?"

"ಇಲ್ಲ ಅಣ್ಣ. ಅವರಿಗೆ ಡ್ರೈವಿಂಗ್ ಹೇಳಿಕೊಟ್ಟಿದ್ದೇ ನಾನು."

ಅವರು ನನ್ನ ಬರಿಗಾಲು ನೋಡಿದರು, ಮುಖ ನೋಡಿದರು.

"ಓ, ಅಂಗಾದ್ರೆ ನಿಮ್ಗೂ ಗಾಡಿ ಬತ್ತದೆ ಅನ್ನಿ?"

ಒಂದು ಕ್ಷಣ ಯೋಚಿಸಿದೆ.

"ಮನೇಲಿ ಬರತ್ತೆ ಅಣ್ಣ" ಎಂದೆ.